ನಾಲ್ಕು ತಾಲೂಕಿನ ಪೊಲೀಸ್ ಕಾಗದದಲ್ಲಿ ಅಪ್ಪನ ಹೆಸರು

ನನ್ನ ಮದುವೆ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಅವ್ವ ಶೇಂಗಾ ಹೋಳಿಗೆಗೆ ಬೆಲ್ಲ ಕೂಡ ತರಿಸಿಟ್ಟಿದ್ದಳು. ಆ ವಾರವೇ ಹುಡುಗನ ಕಡೆಯ ಹಿರಿಯರೊಬ್ಬರು ಬಸವನ ಬಾಗೇವಾಡಿಯ ನಮ್ಮ ಮನೆಗೆ ಬಂದರು. ಚಹಾ ಕುಡಿದರು, ಮಳೆಯ ಮಾತಾಡಿದರು, ಕೊನೆಗೆ ಕಪ್ಪು ಕೆಳಗಿಟ್ಟು ನೆಲ ನೋಡುತ್ತ ಹೇಳಿದರು.

"ಮಾಸ್ತರ, ಸಿಟ್ಟ ಮಾಡ್ಕೋಬ್ಯಾಡ್ರಿ. ಹುಡುಗನ ದೊಡ್ಡಪ್ಪಗ ಯಾರೋ ಹೇಳ್ಯಾರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಕೂ ತಾಲೂಕಿನ ಪೊಲೀಸ್ ಕಾಗದದಾಗ ನಿಮ್ಮ ಹೆಸರ ಐತಿ ಅಂತ. ಸುಳ್ಳು ಅಂತ ಒಂದು ಮಾತ ಹೇಳಿಬಿಡ್ರಿ. ನಾ ಹೋಗಿ ತಿಳಸ್ತೇನಿ, ಮುಗೀತು."

ಅಪ್ಪ ಆ ಒಂದು ಮಾತು ಹೇಳಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಆದರೆ ಅಪ್ಪ ಕನ್ನಡ ಸಾಲಿ ಮಾಸ್ತರ. ತನ್ನ ಮೇಲಿನ ಚಾಡಿಯಲ್ಲಿ ಕೂಡ ಲೆಕ್ಕ ತಪ್ಪಿರುವುದು ಅವನಿಗೆ ಸಹಿಸಲಾಗುತ್ತಿರಲಿಲ್ಲ. ಬೆರಳು ಮಡಚಿ ಎಣಿಸತೊಡಗಿದ.

"ಇಂಡಿ ತಾಲೂಕಿನಾಗ ಮೂರು. ಸಿಂದಗ್ಯಾಗ ನಾಕು. ಮುದ್ದೇಬಿಹಾಳದಾಗ ಎರಡು, ಇಲ್ಲೆ ಬಾಗೇವಾಡ್ಯಾಗ ಎರಡು. ಒಟ್ಟ ಹನ್ನೊಂದು ಅದಾವ್ರಿ. ನೀವು ಕೇಳಿದ್ದು ಖರೆ ಐತಿ."

ಹಿರಿಯರು ಎಲೆ-ಅಡಿಕೆಯ ತಟ್ಟೆ ಮುಟ್ಟದೆ ಎದ್ದರು. ಅಪ್ಪ ಅವರನ್ನು ಬಸ್ ನಿಲ್ದಾಣದವರೆಗೆ ಕಳಿಸಿ ಬಂದ. ಎಲ್ಲವೂ ಸರಿಹೋಯಿತು ಎಂಬ ಮುಖದಲ್ಲಿ ಕೋಟು ಗೂಟಕ್ಕೆ ಹಾಕಿದ.

"ನೀವು ಪಂಚ ಆಗಿದ್ರಿ ಅಂತ ಹೇಳಿದ್ರೇನು?" ಎಂದಳು ಅವ್ವ.

"ಅವರು ಕೇಳಲಿಲ್ಲಲ್ಲ," ಎಂದ ಅಪ್ಪ.

ಅವ್ವ ಬೆಲ್ಲದ ಡಬ್ಬಿಯನ್ನು ಮೇಲಿನ ಹಲಗೆಗೆ ಎತ್ತಿಟ್ಟಳು.

ಪಂಚ ಎಂದರೇನು ಎಂದು ಹೇಳಿಬಿಡುತ್ತೇನೆ. ಊರಲ್ಲಿ ಕಳುವಾದರೆ ಪೊಲೀಸರು ಬಂದು ಜಾಗ ನೋಡಿ ಪಂಚನಾಮೆ ಬರೆಯುತ್ತಾರೆ. ಅವರು ಕಂಡದ್ದನ್ನು ನಾವೂ ಕಂಡೆವು ಎಂದು ಊರಿನ ಇಬ್ಬರು ಮರ್ಯಾದಸ್ಥರು ಅದಕ್ಕೆ ಸಹಿ ಹಾಕಬೇಕು. ಅವರೇ ಪಂಚರು. ಸಹಿ ಹಾಕಿದವನನ್ನು ಮುಂದೆ ಯಾವಾಗಲಾದರೂ ಕೋರ್ಟಿಗೆ ಕರೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಖಾಕಿ ಚಡ್ಡಿ ಊರ ಅಗಸಿ ಬಾಗಿಲಲ್ಲಿ ಕಂಡಕೂಡಲೇ ಮರ್ಯಾದಸ್ಥರೆಲ್ಲ ಹೊಲಕ್ಕೆ ಹೋಗಿಬಿಡುತ್ತಿದ್ದರು. ಉಳಿಯುತ್ತಿದ್ದವನು ಸಾಲಿ ಮಾಸ್ತರ ಒಬ್ಬನೇ. ಎದುರಿಗೆ ಐವತ್ತು ಮಕ್ಕಳು, ಮೇಲೆ ಸರ್ಕಾರದ ಪಗಾರ, ಅವನು ಎಲ್ಲಿಗೆ ಓಡಬೇಕು? ಅಪ್ಪ ನಾಲ್ಕು ತಾಲೂಕುಗಳಲ್ಲಿ ನೌಕರಿ ಮಾಡಿದ. ಹೋದಲ್ಲೆಲ್ಲ ಕಳುವು ಇತ್ತು, ಹೋದಲ್ಲೆಲ್ಲ ಅವನೇ ಪಂಚನಾದ.

ಬೇರೆ ಮಾಸ್ತರರಾಗಿದ್ದರೆ ತೋರಿಸಿದಲ್ಲಿ ಸಹಿ ಹಾಕಿ ಪಾಠಕ್ಕೆ ಮರಳುತ್ತಿದ್ದರು. ಅಪ್ಪನಿಗೆ ಜಾಗ ನೋಡಬೇಕು. ನೋಡಿದರೆ ಅಳೆಯಬೇಕು. ಅಳೆದರೆ ಬರೆಯಬೇಕು. ಹವಾಲ್ದಾರರು ಚಹಾದಂಗಡಿಯಲ್ಲಿ ಅರ್ಧ ಪುಟದಲ್ಲಿ ಮುಗಿಸುವುದನ್ನು ಅಪ್ಪ ತಾನೇ ಪೆನ್ನು ತೆಗೆದುಕೊಂಡು ಒಂಬತ್ತು ಪುಟ ಮಾಡುತ್ತಿದ್ದ. ಅವನು ಪಂಚನಾದ ಕೇಸುಗಳಲ್ಲಿ ಕಳ್ಳ ಸಿಕ್ಕಿದ್ದು ಬಹಳ ಕಡಿಮೆ. ಇವನು ಗೋಡೆ ಅಳೆದು ಮುಗಿಸುವ ಹೊತ್ತಿಗೆ ಕಳ್ಳ ಸೊಲ್ಲಾಪುರ ದಾಟಿರುತ್ತಿದ್ದ.

ನಾಲ್ಕೇ ದಿನದಲ್ಲಿ ಹುಡುಗನ ದೊಡ್ಡಪ್ಪನಿಂದ ಕಾಗದ ಬಂತು. ಅವರು ಕೋರ್ಟಿನ ಬೇಲಿಫರಾಗಿ ನಿವೃತ್ತರಾದವರು. ಜನ್ಮವಿಡೀ ಜನರ ಬಾಗಿಲಿಗೆ ನೋಟೀಸು ಅಂಟಿಸಿದ ಅವರಿಗೆ ಬಾಯಿಮಾತಿನ ಮೇಲೆ ನಂಬಿಕೆ ಇರಲಿಲ್ಲ. ಮಾಸ್ತರರು ಆ ಹನ್ನೊಂದು ಕೇಸುಗಳಲ್ಲಿ ಏನಾಗಿದ್ದರು ಎಂಬುದಕ್ಕೆ ಠಾಣೆಯ ಶಿಕ್ಕೆ-ಮೊಹರು ಇರುವ ನಕಲು ತೋರಿಸಬೇಕು, ನಾಗರಪಂಚಮಿಯೊಳಗೆ ತೋರಿಸಿದರೆ ನಿಶ್ಚಯ, ಇಲ್ಲದಿದ್ದರೆ ಪರಸ್ಪರ ನಮಸ್ಕಾರ ಎಂದು ಬರೆದಿದ್ದರು. ಪಂಚಮಿಗೆ ಇನ್ನು ಒಂದು ತಿಂಗಳು ಇತ್ತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಂಥ ಮನೆಯ ಸಂಬಂಧವೇ ಬೇಡ ಎನ್ನಬೇಕೆಂದು ಬಾಯಿ ತೆರೆದೆ, ಮುಚ್ಚಿಕೊಂಡೆ. ಯಾಕೆಂದರೆ ಹುಡುಗ ನನಗೆ ಮನಸ್ಸಿಗೆ ಬಂದಿದ್ದ. ನೋಡಲು ಬಂದ ದಿನ ಹಿರಿಯರು ಕುಲಗೋತ್ರ ಕೆದಕುತ್ತಿದ್ದಾಗ ಅವನು ನಮ್ಮ ಅಲುಗಾಡುವ ಮೇಜನ್ನು ಒಂದೆರಡು ಸಲ ಮುಟ್ಟಿ ನೋಡಿದ್ದ. ಆಮೇಲೆ ಜೇಬಿನಿಂದ ಬಸ್ ಟಿಕೆಟು ತೆಗೆದು, ನಾಲ್ಕು ಮಡಿಕೆ ಮಾಡಿ, ಯಾರಿಗೂ ಗೊತ್ತಾಗದಂತೆ ಕಾಲಿನ ಕೆಳಗೆ ತುರುಕಿದ್ದ. ಮೇಜು ನಿಂತಿತು. ಆ ಮೇಜು ನನಗೆ ಬುದ್ಧಿ ಬಂದಾಗಿನಿಂದ ಅಲುಗಾಡುತ್ತಿತ್ತು, ನಮ್ಮ ಮನೆಯಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ನಾನು ಆ ಟಿಕೆಟನ್ನು ಯಾರಿಗೂ ಗುಡಿಸಗೊಟ್ಟಿರಲಿಲ್ಲ.

ಅರ್ಜಿಗಳನ್ನು ನಾನೇ ಬರೆದೆ. ಅಪ್ಪನ ಜೊತೆ ನಾನೇ ಹೊರಟೆ. ಪೊಲೀಸರ ಎದುರು ಅಪ್ಪ ವಿಪರೀತ ವಿನಯವಂತನಾಗುತ್ತಾನೆ, ವಿನಯದಿಂದ ನಕಲು ಸಿಗುವುದಿಲ್ಲ ಎಂಬುದು ಅವ್ವನ ಅಭಿಪ್ರಾಯ. ನನ್ನಲ್ಲಿ ವಿನಯದ ತೊಂದರೆ ಇರಲಿಲ್ಲ.

ಯಾವ ಠಾಣೆಯಲ್ಲಿ ಏನು ನಡೆಯಿತು ಎಂದು ಹೆಸರಿಟ್ಟು ಹೇಳುವುದಿಲ್ಲ. ಮೊದಲು ಹೋದದ್ದು ನಾಲ್ಕರಲ್ಲಿ ಒಂದು ಎಂದು ತಿಳಿದರೆ ಸಾಕು. ಅಲ್ಲಿ ಕಾಗದಪತ್ರ ನೋಡಿಕೊಳ್ಳುವ ರೈಟರ್ ಹವಾಲ್ದಾರರು ಮೇಜಿನ ಹಿಂದೆ ಕೂತು ಚುರುಮುರಿ ತಿನ್ನುತ್ತಿದ್ದರು. ರಾಜ್ಯದ ಹೆಸರು ಬದಲಾಗಿ ಹೆಚ್ಚು ದಿನವಾಗಿರಲಿಲ್ಲ. ಅವರ ಎದುರಿನ ಫಾರಂಗಳಲ್ಲೆಲ್ಲ ಮೈಸೂರು ಹೊಡೆದುಹಾಕಿ ಕರ್ನಾಟಕ ಬರೆದಿತ್ತು. ನನ್ನ ಅರ್ಜಿಯನ್ನು ಎಣ್ಣೆ ಹತ್ತದ ಎರಡು ಬೆರಳಿನಲ್ಲಿ ಹಿಡಿದು ಓದಿದರು.

"ಈ ಕೇಸಿನಾಗ ನೀವು ಯಾರ್ರಿ? ಫಿರ್ಯಾದಿನೋ, ಆರೋಪಿನೋ?"

"ಪಂಚ ಇದ್ದೆ ಸಾಹೇಬ್ರ," ಎಂದ ಅಪ್ಪ.

"ಪಂಚರಿಗೆ ನಕಲ ಕೊಡಾಕ ಬರಂಗಿಲ್ರಿ. ಫಿರ್ಯಾದಿಗೆ ಕೊಡಬಹುದು, ಆರೋಪಿಗೆ ಕೊಡಬಹುದು. ನೀವು ಎರಡೂ ಅಲ್ಲ. ನೀವು ಈ ಕೇಸಿನಾಗ ಯಾರೂ ಅಲ್ಲ."

"ಯಾರೂ ಅಲ್ಲ ಅಂತನs ಬರದ ಕೊಡ್ರಿ," ಎಂದೆ ನಾನು. "ನಮಗ ಬೇಕಾಗಿದ್ದೂ ಅದs."

ಅವರು ನನ್ನನ್ನು ಮೊದಲ ಸಲ ನೋಡಿದರು. "ಇಲ್ಲದ್ದಕ್ಕ ನಕಲ ಹೆಂಗ ಕೊಡ್ಲಿ ತಂಗಿ? ನಿಮ್ಮಪ್ಪಾರು ಆರೋಪಿ ಆಗಿದ್ರ ಇಷ್ಟೊತ್ತಿಗೆ ಕೈಯಾಗ ಇಟ್ಟಿರ್ತಿದ್ದೆ." ಅವರ ದನಿಯಲ್ಲಿ ನಿಜವಾದ ಕನಿಕರ ಇತ್ತು. ಅಪ್ಪ ಕೂಡ ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿದ.

ಆಮೇಲೆ ಅವರ ಕಣ್ಣು ಅರ್ಜಿಯ ಕೊನೆಯ ಸಾಲಿಗೆ ಹೋಯಿತು. ನಕಲು ಯಾವ ಕಾರಣಕ್ಕೆ ಬೇಕು ಎಂಬಲ್ಲಿ ಅಪ್ಪ ಹೇಳಿದಂತೆ ನಾನು ಮಗಳ ಮದುವೆ ಎಂದು ಬರೆದಿದ್ದೆ. ಅದನ್ನು ಅವರು ಜೋರಾಗಿ ಓದಿದರು. ಮೂಲೆಯಲ್ಲಿ ಬಂದೂಕು ಒರೆಸುತ್ತಿದ್ದವನು ಕೈ ನಿಲ್ಲಿಸಿದ. ಕೋಣೆಯಲ್ಲಿ ಹಾಕಿದ್ದ ಒಬ್ಬ ಕೈದಿ ಸರಳಿನ ಹತ್ತಿರ ಬಂದು ನಿಂತ.

"ಮದುವಿಗೆ ಬಂಗಾರ ಕೇಳಿದ್ದು ಕೇಳೇನಿ. ಪಂಚನಾಮಾ ಕೇಳಿದ್ದು ಇವತ್ತs ನೋಡ್ರಿ," ಎಂದರು ರೈಟರ್.

"ನಮ್ಮಪ್ಪ ನಿಮ್ಮವರು ಕರದಾಗ ಪಾಠಾ ಬಿಟ್ಟು ಬಂದಾನ. ಹನ್ನೊಂದು ಸಲ ಬಂದಾನ. ಒಮ್ಮಿನೂ ನಾ ಯಾರೂ ಅಲ್ಲ ಅನಲಿಲ್ಲ. ಈಗ ನಾವು ಬಂದ್ರ ನೀವು ಅಂತೀರಿ," ಎಂದೆ. ದನಿ ಸ್ವಲ್ಪ ಹೆಚ್ಚೇ ಏರಿತ್ತು. ಒಳಗಿನ ಕೋಣೆಯಿಂದ ಠಾಣೆಯ ಹಿರಿಯ ಅಧಿಕಾರಿ ಫೌಜದಾರರು ಹೊರಗೆ ಬಂದರು.

ಅವರು ಅರ್ಜಿ ನೋಡಿದರು, ಅಪ್ಪನ ಮುಖ ನೋಡಿದರು, ಮತ್ತೆ ಅರ್ಜಿ ನೋಡಿದರು. "ಅಳತಿ ಮಾಸ್ತರ ಅಂದ್ರ ನೀವs ಏನ್ರಿ?"

ಅಪ್ಪನ ಹೆಸರು ಇಲಾಖೆಯಲ್ಲಿ ಹಾಗೆ ಓಡಾಡುತ್ತಿತ್ತು ಎಂದು ನಮಗೆ ಗೊತ್ತಾದದ್ದು ಆಗಲೇ. ಹೊಸದಾಗಿ ಬಂದ ಹವಾಲ್ದಾರರಿಗೆ ಹಳಬರು ಆ ಊರಲ್ಲಿ ಕಳುವಾದರೆ ಊಟ ಕಟ್ಟಿಕೊಂಡು ಹೋಗಿ ಎಂದು ಹೇಳಿ ಕಳಿಸುತ್ತಿದ್ದರಂತೆ. ಫೌಜದಾರರು ಹಳೆಯ ಕಾಗದದ ಗಂಟು ಬಿಚ್ಚಿಸಿ ಅಪ್ಪನ ಒಂದು ಪಂಚನಾಮೆ ತೆಗೆಸಿ ನಿಂತಲ್ಲೇ ಓದತೊಡಗಿದರು. ಎಮ್ಮೆ ಕಳುವಾದ ಕೇಸು ಅದು. ಗೂಟದ ಎತ್ತರ, ಕೊಟ್ಟಿಗೆಯ ಬಾಗಿಲಿಗೂ ಗೂಟಕ್ಕೂ ಇರುವ ಹೆಜ್ಜೆಗಳು, ಸೆಗಣಿ ಇಂದಿನದಲ್ಲ ನಿನ್ನೆಯದು ಎಂಬ ಅಭಿಪ್ರಾಯ ಮತ್ತು ಅದಕ್ಕೆ ಕಾರಣ, ಗೋಡೆಯ ಮೇಲೆ ಕುಂಬಳಬಳ್ಳಿ ಒಂದು, ಹೂ ಎರಡು, ಕಾಯಿ ಇಲ್ಲ. ಎರಡನೇ ಪುಟಕ್ಕೆ ಅವರು ಕುರ್ಚಿ ಎಳೆದುಕೊಂಡು ಕೂತರು.

"ನಕಲ ಕೊಡೂಣು," ಎಂದರು ಓದಿ ಮುಗಿಸಿ.

"ಬರಿಯವರು ಯಾರ್ರಿ ಸಾಹೇಬ್ರ? ಒಂದೊಂದು ಒಂಬತ್ತು ಪಾನ ಅದಾವ," ಎಂದರು ರೈಟರ್, ಅಳುವ ದನಿಯಲ್ಲಿ.

ಹೀಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬರೆಯುವುದು, ರೈಟರ್ ಮೂಲದ ಜೊತೆ ಓದಿ ತಾಳೆ ನೋಡುವುದು, ಫೌಜದಾರರು ಸಹಿ ಮಾಡಿ ಶಿಕ್ಕೆ ಹೊಡೆಯುವುದು. ಅವರು ಉಳಿದ ಮೂರು ಠಾಣೆಗಳಿಗೂ ಚೀಟಿ ಬರೆದುಕೊಟ್ಟರು. ಇವರು ಪಂಚರು, ನಕಲನ್ನು ಇವರ ಮಗಳೇ ಬರೆದುಕೊಳ್ಳುತ್ತಾಳೆ, ಅವಳಿಗೆ ಒಂದು ಕುರ್ಚಿ ಕೊಟ್ಟು ವಾದಕ್ಕೆ ಇಳಿಯದಿರುವುದು ಒಳ್ಳೆಯದು ಎಂದು ಅದರಲ್ಲಿತ್ತು.

ಮೂರು ವಾರ ನಾವು ತಿರುಗಿದೆವು. ಬಿಜಾಪುರಕ್ಕೆ ಬಸ್ಸು, ಅಲ್ಲಿಂದ ರೈಲು. ಇಂಡಿಯ ಹೆಸರಿನ ನಿಲ್ದಾಣದಲ್ಲಿ ಇಳಿದರೆ ಇಂಡಿ ಎಲ್ಲಿಯೂ ಕಾಣುವುದಿಲ್ಲ, ಊರು ಇನ್ನೂ ಮೈಲುಗಟ್ಟಲೆ ಆಚೆ. ನಮ್ಮ ಬಾಗೇವಾಡಿಯ ರೈಲು ನಿಲ್ದಾಣದ್ದೂ ಅದೇ ಹಣೆಬರಹವಾದ್ದರಿಂದ ಬೈಯುವ ಹಕ್ಕು ನಮಗಿರಲಿಲ್ಲ. ಸಿಂದಗಿಯ ಬಸ್ಸಿನಲ್ಲಿ ಅಪ್ಪ ಕೈಚೀಲವನ್ನು ಎದೆಗೆ ಅಪ್ಪಿಕೊಂಡೇ ಕೂತಿರುತ್ತಿದ್ದ. ಪಕ್ಕದವರು ಏನೆಂದು ಕೇಳಿದರೆ ಪೊಲೀಸ್ ಕಾಗದ ಎಂದು ನಿಜ ಹೇಳುತ್ತಿದ್ದ. ನಮ್ಮ ಸೀಟಿನಲ್ಲಿ ಮೂರನೆಯವರು ಕೂರುತ್ತಿರಲಿಲ್ಲ.

ಬೆರಳು ಬಾತುಕೊಂಡವು. ಸಿಂದಗಿಯ ನಾಲ್ಕನೇ ಪಂಚನಾಮೆಯಲ್ಲಿ ಅಪ್ಪ ಒಂದು ಖಾಲಿ ಜೋಳದ ಹಗೇವನ್ನು, ಅಂದರೆ ನೆಲದೊಳಗಿನ ಕಣಜವನ್ನು, ಎರಡು ಪುಟ ವರ್ಣಿಸಿದ್ದ.

"ಯಪ್ಪಾ, ಖಾಲಿ ಇತ್ತು ಅಂದ್ರ ಸಾಲದs?" ಎಂದೆ.

"ಎಷ್ಟ ಖಾಲಿ ಇತ್ತು ಅಂತ ಗೊತ್ತಾಗಬೇಕಲ್ಲವಾ," ಎಂದ ಅಪ್ಪ, ಬಹಳ ಶಾಂತವಾಗಿ.

ನಾನು ಅವತ್ತು ಬಸ್ಸಿನಲ್ಲಿ ಅವನ ಜೊತೆ ಮಾತಾಡಲಿಲ್ಲ. ಒಬ್ಬ ಮನುಷ್ಯನಿಗೆ ಕುಂಬಳಬಳ್ಳಿಯ ಹೂವು ಎಣಿಸಲು ಹೊತ್ತಿದೆ, ಮನೆಯ ಮೇಜು ಅಲುಗಾಡುವುದು ಕಾಣುವುದಿಲ್ಲ. ಇದು ನನಗೆ ಸಣ್ಣಂದಿನಿಂದ ಇದ್ದ ಸಿಟ್ಟು. ಅದರ ಬುಡದಲ್ಲಿ ಒಂದು ಜೋಕಾಲಿ ಇತ್ತು.

ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಮರಮರಕ್ಕೆ ಜೋಕಾಲಿ ಬೀಳುತ್ತದೆ. ನನಗೆ ಆರು ವರ್ಷ ಇದ್ದಾಗ ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಯಲ್ಲಿದ್ದೆವು. ಆ ಸಲ ಜೋಕಾಲಿ ಕಟ್ಟಿಕೊಡುತ್ತೇನೆಂದು ಅಪ್ಪ ಹೊಸ ಹಗ್ಗ ತಂದಿದ್ದ. ಹಬ್ಬದ ದಿನ ಬೆಳಗ್ಗೆ ಹಗ್ಗ ಇರಲಿಲ್ಲ. ಯಾರಿಗೋ ಕೊಟ್ಟೆ ಎಂದ. ನಾನು ದಿನವಿಡೀ ಬೇರೆಯವರ ಜೋಕಾಲಿಯ ಪಕ್ಕ ನನ್ನ ಪಾಳಿಗಾಗಿ ನಿಂತಿದ್ದೆ. ಮರುವರ್ಷ ವರ್ಗವಾಯಿತು, ಅದರಾಚೆ ವರ್ಷ ಮನೆಯ ಹತ್ತಿರ ಮರವಿರಲಿಲ್ಲ, ಆಮೇಲೆ ನಾನು ಕೇಳುವುದನ್ನು ಬಿಟ್ಟೆ. ಅಪ್ಪ ಮರೆತ ಎಂದೇ ತಿಳಿದಿದ್ದೆ.

ಕೊನೆಗೆ ಉಳಿದದ್ದು ಮುದ್ದೇಬಿಹಾಳದ ಎರಡು ಕೇಸು. ಅಲ್ಲಿ ಕುರ್ಚಿ ಕೊಟ್ಟರು, ಕಿಟಕಿಯ ಬೆಳಕು ಕೊಟ್ಟರು, ವಾದಕ್ಕೆ ಯಾರೂ ಇಳಿಯಲಿಲ್ಲ. ಹನ್ನೊಂದನೆಯದು ಯಾರದೋ ಮನೆಯ ತಾಮ್ರದ ಹಂಡೆ ಕಳುವಾದದ್ದು. ಆರು ಪುಟ ಬರೆದು ಏಳನೆಯದಕ್ಕೆ ಬಂದೆ. ಅಪ್ಪನದೇ ಅಕ್ಷರ. ನಾನು ಅರ್ಥ ನೋಡದೆ ಅಕ್ಷರ ಮಾತ್ರ ನೋಡಿ ಇಳಿಸುತ್ತಿದ್ದೆ. ಮೂರು ಸಾಲು ಆದಮೇಲೆ ಕೈ ನಿಂತಿತು.

"ಶಾಲೆಯ ಟೇಪು ಹರಿದಿರುವುದರಿಂದ ಪಂಚನ ಮನೆಯಿಂದ ಹಗ್ಗ ತರಿಸಿ ಅಳತೆ ಮಾಡಲಾಗಿದೆ. ಈ ಸಮಯದಲ್ಲಿ ಪಂಚನ ಮಗಳು, ವಯಸ್ಸು ಆರು, ಊಟಕ್ಕೆ ಕರೆಯಲು ಬಂದಳು. ಹಿಂದಕ್ಕೆ ಕಳಿಸಲಾಯಿತು. ಅರ್ಧ ತಾಸಿನ ಮೇಲೆ ಮತ್ತೆ ಬಂದು, ಅಳತೆಗೆ ಬಳಸುತ್ತಿರುವ ಹಗ್ಗ ತನ್ನ ಜೋಕಾಲಿಯದೆಂದು ಹೇಳಿದಳು. ಅವಳು ಹೇಳಿದ್ದು ನಿಜ. ಅಳೆದ ಹಗ್ಗವಿಲ್ಲದೆ ಅಳತೆಗೆ ಆಧಾರವಿಲ್ಲವಾದ್ದರಿಂದ ಅದನ್ನು ಪೊಲೀಸರ ವಶಕ್ಕೆ ಕೊಡಲಾಗಿದೆ. ಹುಡುಗಿ ಅಳುತ್ತ ಹೋದಳು. ಜೋಕಾಲಿ ಕಟ್ಟಿಕೊಡುವುದು ಪಂಚನ ಮೇಲೆ ಬಾಕಿ ಇರುತ್ತದೆ."

ಆ ಊರಿನ ನೆನಪೆಲ್ಲ ಮಸುಕಾಗಿ, ಅಳತೆಗೆ ಹಿಡಿದ ಹಗ್ಗ ಕಂಡದ್ದೂ ಮರೆತಿದ್ದರೂ ಆ ಅಳು ನನಗೆ ನೆನಪಿತ್ತು. ಅದು ಇನ್ನೊಬ್ಬರಿಗೂ ನೆನಪಿದೆ, ಹದಿನೈದು ವರ್ಷದಿಂದ ಸರ್ಕಾರದ ಬೀರುವಿನಲ್ಲಿ ದಾರ ಕಟ್ಟಿಸಿಕೊಂಡು ಕೂತಿದೆ ಎಂದು ನಾನು ಹೇಗೆ ತಿಳಿಯಬೇಕು? ನನಗೆ ದುಃಖ ಒತ್ತರಿಸಿ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಎದುರಿಗೆ ನಿಂತು ಅಳುವ ಮಗಳಿಗೆ ಒಂದು ಮಾತು ಹೇಳಲಾಗದೆ ಹೋಗಿ ಪಂಚನಾಮೆಯಲ್ಲಿ ಬರೆದಿಟ್ಟ ಮನುಷ್ಯನನ್ನು ಏನು ಮಾಡಬೇಕು?

ನಾನು ಪೂರ್ತಿ ಬರೆದು ಕೊಟ್ಟೆ. ಅಲ್ಲಿಯ ರೈಟರ್ ತಾಳೆ ನೋಡಲು ಗಟ್ಟಿಯಾಗಿ ಓದಿದರು. ಬೆಂಚಿನ ಮೇಲೆ ಕೂತ ಅಪ್ಪ ಆ ಸಾಲು ಬಂದಾಗ ಬಗ್ಗಿ ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಳ್ಳತೊಡಗಿದ. ಓದಿ ಮುಗಿದರೂ ಅದು ಸರಿಯಾಗಲಿಲ್ಲ.

"ಆ ಹಗ್ಗ ಇನ್ನಾ ಐತೇನ್ರಿ?" ಎಂದು ಕೇಳಿದೆ.

ರೈಟರ್ ಇನ್ನೊಂದು ದೊಡ್ಡ ಪುಸ್ತಕ ತೆಗೆದು ಹುಡುಕಿದರು. "ಇಲಿ ತಿಂದು ನಾಶ ಅಂತ ಷರಾ ಐತಿ ತಂಗಿ. ಅದರ ನಕಲ ಬೇಕೇನು?"

ಬೇಡ ಎಂದೆ.

ಪಂಚಮಿಗೆ ಎರಡು ದಿನ ಇದ್ದಾಗ ದೊಡ್ಡಪ್ಪ ಹುಡುಗನನ್ನು ಕರೆದುಕೊಂಡು ಬಂದರು. ಓಣಿಯಲ್ಲೆಲ್ಲ ಆಗಲೇ ಜೋಕಾಲಿಗಳು ಬಿದ್ದಿದ್ದವು. ಅಪ್ಪ ನೂರು ಹಾಳೆಯಷ್ಟಿದ್ದ ಕಟ್ಟನ್ನು ಮೇಜಿನ ಮೇಲೆ ಇಟ್ಟ. ದೊಡ್ಡಪ್ಪ ಬೆಚ್ಚಿ ನೋಡಿದರು.

"ಮಾಸ್ತರ, ಮೂವತ್ತು ವರ್ಷ ನೌಕರಿ ಮಾಡೇನಿ. ಇಷ್ಟ ಪೊಲೀಸ್ ಕಾಗದ ಪಕ್ಕಾ ಕಳ್ಳರ ಮನ್ಯಾಗೂ ನೋಡಿಲ್ಲ."

ಅಡುಗೆಮನೆಯಲ್ಲಿ ಅವ್ವ ನನ್ನ ಕೈ ಹಿಡಿದುಕೊಂಡಳು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಹಿಡಿದರು. ಒಂದೂ ಪುಟ ಹಾರಿಸಲಿಲ್ಲ. ಹೂವು ಎಣಿಸಿದಲ್ಲಿ ತಲೆ ಆಡಿಸಿದರು, ಹಗೇವಿನ ಹತ್ತಿರ ನೀರು ಕೇಳಿದರು. ಅಪ್ಪ ಪರೀಕ್ಷೆಗೆ ಕೂತವನ ಹಾಗೆ ಎದುರಿಗೆ ಕೈಕಟ್ಟಿ ಕೂತಿದ್ದ. ಮೂವತ್ತು ವರ್ಷ ಊರೂರಲ್ಲಿ ಮರ್ಯಾದಸ್ಥ ಎನ್ನಿಸಿಕೊಂಡವನು ಇವತ್ತು ಅದಕ್ಕೆ ಶಿಕ್ಕೆ ಹೊಡೆಸಿಕೊಂಡು ಬಂದು ಕೂತಿದ್ದಾನಲ್ಲ ಎಂದು ನಾನು ಕಣ್ಣನ್ನು ಹುಡುಗನ ಕಡೆ ತಿರುಗಿಸಿದೆ. ಹುಡುಗ ಮೇಜಿನ ಕಾಲಿನತ್ತ ಒಮ್ಮೆ ಬಗ್ಗಿ ನೋಡಿದ. ಟಿಕೆಟು ಅಲ್ಲೇ ಇತ್ತು.

ಕೊನೆಯ ಕೇಸಿನ ಏಳನೇ ಪುಟವನ್ನು ದೊಡ್ಡಪ್ಪ ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು.

"ಮಾಸ್ತರ, ಹತ್ತು ಕಾಗದ ಸ್ವಚ್ಛ ಅದಾವ. ಇದೊಂದರಾಗ ನಿಮ್ಮ ಮ್ಯಾಲ ಬಾಕಿ ಕಾಣ್ತೈತಿ."

"ಐತ್ರಿ," ಎಂದ ಅಪ್ಪ.

"ತೀರಿದ್ದಕ್ಕ ಕಾಗದ ಐತೇನು?"

"ತೀರಿಲ್ರಿ."

"ಹಂಗಾರ ನಿಶ್ಚಯ ಹೆಂಗ ಮಾಡೂದು?" ದೊಡ್ಡಪ್ಪ ಕಟ್ಟನ್ನು ಮುಚ್ಚಿ ಅದರ ಮೇಲೆ ಕೈ ಇಟ್ಟರು. ಅವರು ನಗುತ್ತಿದ್ದಾರೋ ಇಲ್ಲವೋ ಮೀಸೆಯಿಂದಾಗಿ ತಿಳಿಯುತ್ತಿರಲಿಲ್ಲ. "ಬಾಕಿ ಇಟ್ಗೊಂಡು ಮಗಳನ್ನ ಕಳಸಬಾರದು. ಮೊದಲ ಅದನ್ನ ತೀರಸ್ರಿ. ನಾವು ಕೂತಿರ್ತೇವಿ."

ಅಪ್ಪ ಎದ್ದ. ಕೋಟು ಹಾಕಿಕೊಳ್ಳುವುದನ್ನೂ ಮರೆತು ಅಂಗಡಿಗೆ ಹೋಗಿ ಹಗ್ಗ ತಂದ. ಹಿತ್ತಲ ಬೇವಿನ ಮರಕ್ಕೆ ಹಗ್ಗ ಎಸೆಯಲು ಅವನಿಗೆ ಬರಲಿಲ್ಲ. ಮೂರು ಸಲ ಎಸೆದ, ಮೂರು ಸಲವೂ ಅದು ತಲೆಯ ಮೇಲೆ ಬಿತ್ತು. ಹುಡುಗ ಚಪ್ಪಲಿ ಬಿಟ್ಟು ಮರ ಹತ್ತಿ ಟೊಂಗೆಗೆ ಹಾಕಿಕೊಟ್ಟ. ಗಂಟು ಮಾತ್ರ ಅಪ್ಪನೇ ಕಟ್ಟಿದ, ಎಳೆದು ನೋಡಿದ, ಮತ್ತೆ ಕಟ್ಟಿದ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಬಾರವಾ," ಎಂದ. "ಭಾಳ ತಡಾ ಆತು."

ಇಪ್ಪತ್ತೊಂದು ವರ್ಷದ ನಾನು, ನೋಡಬಂದವರ ಎದುರು, ಸೀರೆ ಸೊಂಟಕ್ಕೆ ಸಿಕ್ಕಿಸಿ ಜೋಕಾಲಿ ಹತ್ತಿದೆ. ನಾಚಿಕೆ ಎರಡು ತೂಗಿಗೆ ಹೋಯಿತು. ಅಪ್ಪ ಮರದ ಬುಡದಲ್ಲಿ ಕೂತು ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದ. ನಡುವೆ ಎದ್ದು ಟೊಂಗೆಯಿಂದ ನೆಲಕ್ಕೆ ಎಷ್ಟು ಎಂದು ಅಳೆದು ಹೋದ. ದೊಡ್ಡಪ್ಪ ಮತ್ತು ಹುಡುಗ ಪಂಚರೆಂದು ಸಹಿ ಹಾಕಿದರು. ಅವ್ವ ಬೆಲ್ಲದ ಡಬ್ಬಿ ಕೆಳಗಿಳಿಸಿದ ಸದ್ದು ನನಗೆ ಮೇಲಿನವರೆಗೂ ಕೇಳಿತು.

ಆ ಕಾಗದ ನನ್ನ ಹತ್ತಿರವಿದೆ. ಪೂರ್ವಕ್ಕೆ ಬಾವಿಕಟ್ಟೆ, ಪಶ್ಚಿಮಕ್ಕೆ ಹಿತ್ತಲ ಗೋಡೆ, ಉತ್ತರಕ್ಕೆ ದನದ ಕೊಟ್ಟಿಗೆ, ದಕ್ಷಿಣಕ್ಕೆ ಅಡುಗೆಮನೆಯ ಬಾಗಿಲು, ನಡುವೆ ಬೇವಿನ ಮರ ಒಂದು, ಹಗ್ಗ ಹೊಸದು ಎಂದು ಶುರುವಾಗುತ್ತದೆ. ಅಪ್ಪನದು ಇದೊಂದೇ ಒಂದು ಪುಟದಲ್ಲಿ ಮುಗಿದ ಪಂಚನಾಮೆ. ಕೊನೆಗೆ ಹೀಗಿದೆ: "ಬಾಕಿದಾರನ ಮಗಳು, ವಯಸ್ಸು ಇಪ್ಪತ್ತೊಂದು, ಜೋಕಾಲಿಯ ಮೇಲಿದ್ದಾಳೆ. ಊಟಕ್ಕೆ ಎರಡು ಸಲ ಕರೆಯಲಾಯಿತು. ಬರಲಿಲ್ಲ."